ಆ ಪಾತ್ರೆ ಎತ್ತಿ ಚೆಲ್ಲುವವರು ಯಾರು?

ಮೂವತ್ತು ವರ್ಷದ ಹಿಂದಿನ ಮಾತು. ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಬಿ.ಎ. ಹುಡುಗರಿಗೆ ಥಾಮಸ್ ಮೋರ್‌ನ ‘ಯುಟೋಪಿಯ’ದ ಬಗ್ಗೆ ಪಾಠ ಹೇಳುತ್ತಿದ್ದೆ. 1516ರಲ್ಲಿ ಲ್ಯಾಟಿನ್ನಿನಲ್ಲಿ ಅಚ್ಚಾದ ಪುಸ್ತಕ. ಎಲ್ಲೂ ಇಲ್ಲದ ಒಂದು ದ್ವೀಪ. ಅಲ್ಲಿ ಸ್ವಂತ ಆಸ್ತಿ ಇಲ್ಲ, ಮನೆಗಳಿಗೆ ಬೀಗವಿಲ್ಲ, ದಿನಕ್ಕೆ ಆರೇ ಗಂಟೆ ದುಡಿಮೆ, ಉಳಿದ ಹೊತ್ತು ಓದು, ಸಂಗೀತ, ಮಾತುಕತೆ. ಬಂಗಾರ ಕಂಡರೆ ಅಲ್ಲಿನವರಿಗೆ ಎಷ್ಟು ತಾತ್ಸಾರವೆಂದರೆ ಅದರಲ್ಲಿ ಕಕ್ಕಸಿನ ಪಾತ್ರೆ ಮಾಡಿಸಿ ಇಟ್ಟುಕೊಂಡಿದ್ದಾರೆ ಅಂದೆ. ತರಗತಿ ಗೊಳ್ಳೆಂದಿತು. ನಗು ಇಳಿದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

“ಸಾರ್, ಆ ಪಾತ್ರೆ ಎತ್ತಿ ಚೆಲ್ಲೋರು ಯಾರು ಸಾರ್?”

“ನೀನೇ ಹೋಗಿ ಸೇರ್ಕೋಳಪ್ಪ, ಕೆಲಸ ಖಾಲಿ ಇದೆಯಂತೆ” ಅಂದುಬಿಟ್ಟೆ.

ಮತ್ತೆ ನಗು. ಅವನು ಕೂತ. ಆ ವರ್ಷವಿಡೀ ನನ್ನ ತರಗತಿಯಲ್ಲಿ ಅವನು ಮತ್ತೆ ಎದ್ದು ನಿಲ್ಲಲಿಲ್ಲ.

ಅವನು ಯಾವ ಕೇರಿಯವನು, ಯಾರ ಮಗ ಎಂದು ನನಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಆ ಪ್ರಶ್ನೆ ಯಾರಿಗೆ ಬೇಕಾದರೂ ಹೊಳೆಯಬಹುದಿತ್ತು, ಎಲ್ಲರಿಗಿಂತ ಮೊದಲು ಸಂಬಳ ತೆಗೆದುಕೊಂಡು ಆ ಪುಸ್ತಕದ ಪಾಠ ಹೇಳುತ್ತಿದ್ದ ನನಗೆ. ಉತ್ತರವಂತೂ ಪುಸ್ತಕದೊಳಗೇ ಇತ್ತು. ಗುಲಾಮರು. ಮೋರ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ: ಸಾಮೂಹಿಕ ಭೋಜನಶಾಲೆಯ ಹೊಲಸು ಕೆಲಸ, ಭಾರದ ಕೆಲಸ ಗುಲಾಮರದು. ಕುರಿ ದನ ಕಡಿಯುವುದೂ ಅವರದೇ, ಅದೂ ಊರಾಚೆ. ನಾಗರಿಕರು ಕಡಿದರೆ ಅವರ ಮನಸ್ಸಿನ ಕರುಣೆ ಒಣಗಿಹೋಗುತ್ತದಂತೆ! ಬಂಗಾರದಿಂದ ಅವರು ಮಾಡಿಸುತ್ತಿದ್ದ ಇನ್ನೊಂದು ವಸ್ತು ಯಾವುದು ಗೊತ್ತೇ? ಅದೇ ಗುಲಾಮರ ಕಾಲಿನ ಸರಪಳಿ. ಬಂಗಾರದ ಪಾತ್ರೆಯ ಕಥೆ ಹೇಳಿ ಹುಡುಗರನ್ನು ನಗಿಸಿದ ನಾನು ಬಂಗಾರದ ಸರಪಳಿಯ ಕಥೆ ಹೇಳಿರಲಿಲ್ಲ. ಎರಡೂ ಒಂದೇ ಅಧ್ಯಾಯದಲ್ಲಿವೆ.

ಆವತ್ತು ಕೊಡಬೇಕಾಗಿದ್ದ ಉತ್ತರವನ್ನು ಈಗ ಕೊಡಲು ಹೊರಟಿದ್ದೇನೆ. ಓದುವ ನಿಮ್ಮನ್ನೂ ಇದರೊಳಗೆ ಎಳೆದುಕೊಳ್ಳುತ್ತೇನೆ, ಬಿಡುವುದಿಲ್ಲ.

ಅಂದಿನಿಂದ ಒಂದು ಚಟ ಹತ್ತಿತು. ಯಾರು ಯಾವ ಆದರ್ಶ ಸಮಾಜದ ಚಿತ್ರ ಬಿಡಿಸಿದರೂ ಮೊದಲು ಅದರ ಹಿತ್ತಲಿಗೆ ಹೋಗಿ ನೋಡುವುದು. ಫ್ರಾನ್ಸಿನ ಷಾರ್ಲ್ ಫೂರಿಯೆ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಒಂದು ಮಾದರಿ ವಸತಿ ಯೋಚಿಸಿದ. ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಕೆಲವೇ ಜನರಲ್ಲಿ ಅವನೊಬ್ಬ, ಆ ಮಟ್ಟಿಗೆ ಮೆಚ್ಚಬೇಕು. ಅವನ ಪರಿಹಾರ: ಮಕ್ಕಳಿಗೆ ಕೆಸರು, ಗಲೀಜು ಎಂದರೆ ಇಷ್ಟ, ಆದ್ದರಿಂದ ಅವರದೇ ಪುಟ್ಟ ದಂಡು ಕಟ್ಟಿ, ಕುದುರೆ ಕೊಟ್ಟು, ಬಿರುದು ಕೊಟ್ಟು, ಊರ ಹೊಲಸನ್ನೆಲ್ಲ ಅವರಿಂದ ಎತ್ತಿಸುವುದು. ಅಮೆರಿಕದ ಎಡ್ವರ್ಡ್ ಬೆಲಮಿ 1888ರಲ್ಲಿ ಬರೆದ ಕಾದಂಬರಿಯಲ್ಲಿ, ಯಾರಿಗೂ ಬೇಡವಾದ ಕೆಲಸಕ್ಕೆ ದುಡಿಮೆಯ ಗಂಟೆ ಕಡಿಮೆ ಮಾಡುತ್ತಾರೆ, ಪ್ರತಿಯೊಬ್ಬ ತರುಣನೂ ಮೊದಲ ಮೂರು ವರ್ಷ ಹೇಳಿದ ಕೂಲಿ ಮಾಡಲೇಬೇಕು. ಇದು ಪರವಾಗಿಲ್ಲ. ಎರಡು ವರ್ಷ ಬಿಟ್ಟು ಇಂಗ್ಲೆಂಡಿನ ವಿಲಿಯಂ ಮಾರಿಸ್ ಅವನಿಗೆ ಎದುರುತ್ತರವೆಂಬಂತೆ ಬರೆದ ಕಥೆಯಲ್ಲಿ ಕಸ ಎತ್ತುವವನೊಬ್ಬ ಜರತಾರಿ ಉಡುಪು ತೊಟ್ಟು ಮೆರೆಯುತ್ತಾನೆ. ನೋಡಿ, ಮತ್ತೆ ಬಂಗಾರ. ಹೊಲಸಿನ ಪಕ್ಕದಲ್ಲಿ ಬಂಗಾರ ಇಡದೆ ಕನಸು ಕಾಣುವುದೇ ನಮಗೆ ಆಗುವುದಿಲ್ಲವೇನೋ.

ರಾಬರ್ಟ್ ಓವೆನ್ ಬರೆದು ಸುಮ್ಮನಾಗಲಿಲ್ಲ, 1825ರಲ್ಲಿ ಅಮೆರಿಕದ ಇಂಡಿಯಾನದಲ್ಲಿ ಒಂದು ಊರನ್ನೇ ಕೊಂಡ. ಹೊಸ ಸಾಮರಸ್ಯ ಎಂದು ಹೆಸರಿಟ್ಟ. ಭಾಷಣ ಮಾಡುವವರು ಬೇಕಾದಷ್ಟು ಬಂದರು, ಗುದ್ದಲಿ ಹಿಡಿಯುವವರು ಸಾಲಲಿಲ್ಲ. ಎರಡು ವರ್ಷಕ್ಕೆ ಮುಗಿಯಿತು.

ಈ ಎಲ್ಲ ಪುಸ್ತಕಗಳಲ್ಲಿ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಮೋರ್‌ನ ದ್ವೀಪದಲ್ಲಿ ಪಾತ್ರೆ ಎತ್ತುವ ಗುಲಾಮ ಒಂದೇ ಒಂದು ಮಾತನ್ನೂ ಆಡುವುದಿಲ್ಲ. ಅವನಿಗೆ ಆ ದ್ವೀಪ ಹೇಗೆ ಕಂಡಿತು ಎಂದು ಯಾರೂ ಕೇಳುವುದಿಲ್ಲ. ಆದರ್ಶ ಸಮಾಜದ ವರದಿ ಕೊಡುವವನು ಯಾವಾಗಲೂ ಅತಿಥಿ. ಮುಂಬಾಗಿಲಿನಿಂದ ಬಂದು ಊಟ ಮಾಡಿ ಹೋದವನು.

ಇದಕ್ಕೆ ಹೊರತಾದ ಎರಡು ಊರುಗಳಿವೆ, ಎರಡೂ ನಮ್ಮ ಕಡೆಯವು. ಒಂದು, ಕಾಶಿಯಲ್ಲಿ ಚರ್ಮದ ಕೆಲಸ ಮಾಡಿಕೊಂಡಿದ್ದ ಸಂತ ರವಿದಾಸ ಹಾಡಿದ ಬೇಗಂಪುರ, ಎಂದರೆ ದುಃಖವಿಲ್ಲದ ಪಟ್ಟಣ. ಅಲ್ಲಿ ತೆರಿಗೆಯ ಭಯವಿಲ್ಲ, ಎರಡನೆಯವರು ಮೂರನೆಯವರು ಎಂಬ ದರ್ಜೆಯಿಲ್ಲ, ಎಲ್ಲಿ ಬೇಕೆಂದರಲ್ಲಿ ತಿರುಗಾಡಬಹುದು, ತಡೆಯುವವರಿಲ್ಲ. ಮೋರ್ ಆರು ಗಂಟೆಯ ದುಡಿಮೆಯ ಕನಸು ಕಂಡ. ರವಿದಾಸ ಬಯಸಿದ್ದು ಬೀದಿಯಲ್ಲಿ ನಡೆದಾಡುವುದನ್ನು! ಯಾರಿಗೆ ಯಾವುದು ಸಿಕ್ಕಿಲ್ಲವೋ ಅವರ ಸ್ವರ್ಗದಲ್ಲಿ ಅದು ಮೊದಲು ಬರುತ್ತದೆ. ಇನ್ನೊಂದು ಊರು ನಮ್ಮ ಕಲ್ಯಾಣ.

ಕಲ್ಯಾಣದ ಹೆಸರೆತ್ತಿದರೆ ನಮಗೆ ಬಸವಣ್ಣ, ಅಲ್ಲಮ, ಅಕ್ಕ ನೆನಪಾಗುತ್ತಾರೆ. ನಾನು ಸತ್ಯಕ್ಕನನ್ನು ನೆನೆಯುತ್ತೇನೆ. ಶಿವಭಕ್ತರ ಮನೆಯಂಗಳದ ಕಸ ಗುಡಿಸುವುದು ಅವಳ ಕಾಯಕ. ಆ ಕಸಬರಿಕೆಯ ಹೆಂಗಸು ವಚನ ಬರೆದಳು. ಲಂಚಕ್ಕೆ ಕೈ ಚಾಚುವುದಿಲ್ಲ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿದಳು. ಮೋರ್‌ಗಿಂತ ಮುನ್ನೂರೈವತ್ತು ವರ್ಷ ಮೊದಲು, ಹೊಲಸಿನ ಪಕ್ಕದಲ್ಲಿ ಬಿದ್ದ ಬಂಗಾರವನ್ನು ನೋಡಿ, ಬೇಡ ಅಂದವಳು ಗುಡಿಸುವವಳೇ. ಅವಳ ಮಾತು ಅವಳ ಬಾಯಲ್ಲೇ ಉಳಿದಿದೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಅಪ್ಪ, ಬೊಪ್ಪ ಎಂದು ಕರೆದುಕೊಳ್ಳಲು ಮಂತ್ರಿಯಾಗಿದ್ದ ಬಸವಣ್ಣ ಹಾತೊರೆದ. ಜಗತ್ತಿನ ಯಾವ ಯುಟೋಪಿಯದಲ್ಲೂ ನನಗೆ ಇದು ಸಿಕ್ಕಿಲ್ಲ.

ಒಂದು ಅನುಮಾನವನ್ನೂ ಹೇಳಿಬಿಡಬೇಕು. ಶರಣರಲ್ಲಿ ಬಹುಮಂದಿ ಹುಟ್ಟಿನಿಂದ ಬಂದ ಕಸುಬನ್ನೇ ಕಾಯಕವೆಂದರು. ಕಸುಬಿಗೆ ಮರ್ಯಾದೆ ಬಂತು, ಕಸುಬು ಬದಲಾಯಿತೇ? ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದಾಗ ಮಾತ್ರ ನಿಜವಾದ ಗೆರೆ ದಾಟಿದಂತಾಯಿತು. ಚಪ್ಪಲಿ ಹೊಲಿಯುವವರ ಮನೆಗೆ ಬ್ರಾಹ್ಮಣರ ಹೆಣ್ಣು. ಅರಸ ಬಿಜ್ಜಳ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿದನೆಂದು ಪರಂಪರೆ ಹೇಳುತ್ತದೆ. ಕಲ್ಯಾಣ ಹೊತ್ತಿ ಉರಿಯಿತು. ಅಂದರೆ ದುಡಿಮೆಯನ್ನು ಹೊಗಳುವವರೆಗೆ ಅರಮನೆಗೆ ತಕರಾರಿರಲಿಲ್ಲ. ಇಂದಿಗೂ ಇಲ್ಲ. ವರ್ಷಕ್ಕೊಮ್ಮೆ ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನಾಚರಣೆ ಮಾಡಿ ಶಾಲು ಹೊದಿಸಿ ಫಲತಾಂಬೂಲ ಕೊಡುತ್ತೇವೆ. 24ಕ್ಕೆ ಮತ್ತೆ ಅದೇ ಕೈಗವಸಿಲ್ಲದ ಕೈ.

ಈ ಹೊಗಳಿಕೆಯ ಅಪಾಯವನ್ನು ಬಾಬಾಸಾಹೇಬ ಅಂಬೇಡ್ಕರರಷ್ಟು ಸ್ಪಷ್ಟವಾಗಿ ಕಂಡವರಿಲ್ಲ. ಜಾಡಮಾಲಿಯ ಕೆಲಸ ಎಲ್ಲಕ್ಕಿಂತ ಪವಿತ್ರ ಎಂಬ ಗಾಂಧೀಜಿಯ ಮಾತನ್ನು ಅವರು 1945ರ ತಮ್ಮ ಪುಸ್ತಕದಲ್ಲಿ ಹಿಡಿದು ಜಾಲಾಡಿದರು. ಬಡತನವನ್ನೂ ಹೊಲಸನ್ನೂ ಅದನ್ನು ಅನುಭವಿಸುವವರಿಗೇ ಪುಣ್ಯವೆಂದು ಮಾರುವುದು ಕ್ರೂರ ತಮಾಷೆ ಎಂಬುದು ಅವರ ಸಿಟ್ಟು. ಆ ಸಿಟ್ಟಿನ ಪಕ್ಷ ನನ್ನದು. ಆದರೂ ಗಾಂಧೀಜಿಯನ್ನು ಅಷ್ಟಕ್ಕೇ ಬಿಡಲಾರೆ, ಯಾಕೆಂದರೆ ಆ ಪಾತ್ರೆಯನ್ನು ಅವರು ಕೈಯಾರೆ ಎತ್ತಿದವರು. ಡರ್ಬನ್ನಿನ ಅವರ ಮನೆಯಲ್ಲಿ ಗುಮಾಸ್ತರೂ ಇರುತ್ತಿದ್ದರು. ಕೋಣೆಗಳಿಗೆ ಮೋರಿ ಇರಲಿಲ್ಲ, ಮೂತ್ರದ ಪಾತ್ರೆಗಳನ್ನು ಗಂಡಹೆಂಡತಿಯೇ ತೆಗೆಯಬೇಕಿತ್ತು. ಪಂಚಮ ತಂದೆತಾಯಿಯರಿಗೆ ಹುಟ್ಟಿದ ಕ್ರಿಶ್ಚಿಯನ್ ಗುಮಾಸ್ತನೊಬ್ಬ ಬಂದಾಗ ಕಸ್ತೂರಬಾ ಪಾತ್ರೆ ಹಿಡಿದು ಮೆಟ್ಟಿಲಿಳಿದರು, ಕಣ್ಣು ಕೆಂಪಗೆ, ಕೆನ್ನೆಯ ಮೇಲೆ ನೀರು. ಮೋಹನದಾಸರಿಗೆ ಅಷ್ಟು ಸಾಲಲಿಲ್ಲ. ನಗುನಗುತ್ತಾ ಹೊರಬೇಕೆಂದು ಹಟ. ಮಾತಿಗೆ ಮಾತು ಬೆಳೆದು, ಪರದೇಶದಲ್ಲಿ ದಿಕ್ಕಿಲ್ಲದ ಆ ಹೆಣ್ಣನ್ನು ಕೈ ಹಿಡಿದು ಗೇಟಿನವರೆಗೆ ಎಳೆದುಕೊಂಡು ಹೋಗಿ ಬಾಗಿಲು ತೆಗೆದರು. ಇದನ್ನು ಆತ್ಮಕಥೆಯಲ್ಲಿ ನಾಚಿಕೆಯಿಂದ ಬರೆದವರೂ ಅವರೇ.

ಆದರ್ಶ ಸಮಾಜಗಳ ಚರಿತ್ರೆಯಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಗೇಟಿನ ಬಳಿ. ಸಮಾನತೆಯನ್ನು ಕಟ್ಟಲು ಹೊರಟವನು ಅತ್ಯಂತ ಹತ್ತಿರದವಳನ್ನು ಬೀದಿಗೆ ದಬ್ಬುವ ಗಳಿಗೆ. ಇಪ್ಪತ್ತನೇ ಶತಮಾನದ ಎಷ್ಟೋ ಕ್ರಾಂತಿಗಳು ಆ ಗೇಟಿನಿಂದ ವಾಪಸು ಬರಲೇ ಇಲ್ಲ. ಗಾಂಧಿ ವಾಪಸು ಬಂದರು. 1910ರಲ್ಲಿ ಜೊಹಾನ್ಸ್‌ಬರ್ಗಿನ ಹೊರಗೆ ಟಾಲ್‌ಸ್ಟಾಯ್ ಫಾರ್ಮ್ ಕಟ್ಟಿದಾಗ ಅಲ್ಲಿ ಆಳುಗಳೇ ಇರಲಿಲ್ಲ, ತಮ್ಮ ತಮ್ಮ ಹೊಲಸನ್ನು ತಾವೇ ಮಣ್ಣಿಗೆ ಸೇರಿಸಿದರು. 1915ರಲ್ಲಿ ಅಹಮದಾಬಾದಿನ ಆಶ್ರಮಕ್ಕೆ ದೂದಾಭಾಯಿಯ ದಲಿತ ಕುಟುಂಬವನ್ನು ಸೇರಿಸಿಕೊಂಡಾಗ ದಾನಿಗಳ ದುಡ್ಡು ನಿಂತಿತು, ಬಾವಿಯ ಹತ್ತಿರ ಬೈಗುಳ ಶುರುವಾಯಿತು, ಆಶ್ರಮ ಕದಲಲಿಲ್ಲ.

ಈಗ ನಮ್ಮೂರಿಗೆ ಬರೋಣ. ಪ್ಲೇಗು ಬಡಿದ ಮೇಲೆ ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಕಟ್ಟಿದರು. ಅಗಲ ರಸ್ತೆ, ಸಾಲುಮರ, ಗಾಳಿ ಬೆಳಕು. ಮಾದರಿ ಸಂಸ್ಥಾನವೆಂದು ಹೆಸರಾದ ಮೈಸೂರಿನಲ್ಲೂ ಹಾಗೆಯೇ. ಆ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಕಿರುಗಲ್ಲಿ ಉಂಟು, ಕನ್ಸರ್ವೆನ್ಸಿ ಎನ್ನುತ್ತೇವೆ. ಅದು ಯಾಕಿತ್ತು ಎಂದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. ಹಿತ್ತಲ ಗೋಡೆಯ ಕಿಂಡಿಯಿಂದ ಬಕೆಟ್ಟು ಎಳೆದು ತಲೆಯ ಮೇಲಿಟ್ಟುಕೊಂಡು ಹೋಗುವವರು ಮನೆಯವರ ಕಣ್ಣಿಗೆ ಬೀಳಬಾರದೆಂದು. ಒಂದು ಇಡೀ ಊರಿನ ನಕ್ಷೆಯೇ ಒಬ್ಬ ಮನುಷ್ಯನನ್ನು ಕಾಣದಿರುವುದಕ್ಕಾಗಿ ಬರೆದದ್ದು!

ಇನ್ನೊಂದು ಮಾದರಿ ಊರು ಕೋಲಾರದ ಚಿನ್ನದ ಗಣಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಅಲ್ಲಿ ಹರಿಯಿತು, ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ. ಕ್ಲಬ್ಬು, ಗಾಲ್ಫ್ ಮೈದಾನ, ಬಂಗಲೆ, ‘ಲಿಟ್ಲ್ ಇಂಗ್ಲೆಂಡ್’ ಎಂಬ ಅಡ್ಡಹೆಸರು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿಯುವ ಯಂತ್ರವಿದ್ಯೆ. 2001ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 800 ಟನ್ ಚಿನ್ನ ತೆಗೆದಿತ್ತು. ಆ ಊರಿನ ಕಾರ್ಮಿಕರ ಕಾಲೊನಿಗಳಲ್ಲಿ 1990ರ ದಶಕದವರೆಗೂ ಒಣ ಕಕ್ಕಸುಗಳಿದ್ದವು, ಬಕೆಟ್ಟಿನಲ್ಲಿ ಬಳಿದು ಹೊರುವವರಿದ್ದರು. ಮೋರ್ ಕಲ್ಪನೆಯಲ್ಲಿ ಜೋಡಿಸಿದ್ದನ್ನು, ಬಂಗಾರವನ್ನೂ ಮಲದ ಪಾತ್ರೆಯನ್ನೂ, ನಾವು ಕೆ.ಜಿ.ಎಫ್‌ನಲ್ಲಿ ನಿಜವಾಗಿಯೇ ಅಕ್ಕಪಕ್ಕ ಇಟ್ಟಿದ್ದೆವು. ಅದೇ ಕೆಲಸದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಒಂದು ದಿನ ಗುಂಡಿಯ ಬಳಿ ನಿಂತಿದ್ದಾಗ ಒಬ್ಬನ ಬಕೆಟ್ಟು ಒಳಗೆ ಬಿತ್ತು. ಅವನು ಅಂಗಿಯ ತೋಳು ಮಡಿಸಿ ಕೈ ಇಳಿಸಿದ. ವಿಲ್ಸನ್ ಅಲ್ಲೇ ಅತ್ತರಂತೆ. ಅತ್ತು ಮನೆಗೆ ಹೋಗಿದ್ದರೆ ಅದೊಂದು ಕಣ್ಣೀರಿನ ಕಥೆಯಾಗಿ ಮುಗಿಯುತ್ತಿತ್ತು. ಅವರು ಅರ್ಜಿ ಬರೆದರು, ಫೋಟೊ ತೆಗೆದರು, ಅಧಿಕಾರಿಗಳ ಬೆನ್ನು ಬಿಡಲಿಲ್ಲ. ಗಣಿ ಊರಿನ ಒಣ ಕಕ್ಕಸುಗಳು ಹೋದವು, ದೇಶವ್ಯಾಪಿ ಆಂದೋಲನವೊಂದು ಹುಟ್ಟಿತು.

ಸಾಹಿತ್ಯದವರಾದ ನಾವು ಏನು ಮಾಡುತ್ತಿದ್ದೆವು? 1970ರ ದಶಕದ ಆರಂಭದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಆಜ್ಞೆ ಮಾಡಿದ ಸಚಿವ ಬಿ. ಬಸವಲಿಂಗಪ್ಪ. ಅದೇ ಮನುಷ್ಯ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ಬೀದಿಬೀದಿಯಲ್ಲಿ ವಿದ್ಯಾರ್ಥಿಗಳ ಗಲಾಟೆ, ಹಾಸ್ಟೆಲುಗಳಲ್ಲಿ ಹೊಡೆತ, ಕೊನೆಗೆ ಅವರ ರಾಜೀನಾಮೆ. ತಲೆಯ ಮೇಲೆ ಮಲ ಹೊರಿಸುವವರ ವಿರುದ್ಧ ಆ ವಿದ್ಯಾರ್ಥಿಗಳು ಅದಕ್ಕೂ ಮೊದಲು ಒಂದು ದಿನವಾದರೂ ಬೀದಿಗಿಳಿದಿದ್ದರೇ? ನಮ್ಮ ಸಾಹಿತ್ಯ ಬೂಸಾ ಎಂದು ನಾನು ಹೇಳಲಾರೆ. ಆ ಬೆಂಕಿಯಿಂದಲೇ ದಲಿತ ಸಾಹಿತ್ಯ, ಬಂಡಾಯ ಸಾಹಿತ್ಯ ಎದ್ದು ಬಂತು, ಕನ್ನಡ ಉಳಿದದ್ದು ಅದರಿಂದ. ಆದರೆ ಮೈಮೇಲಿನ ಹೊಲಸಿಗಿಂತ ಕಿವಿಗೆ ಬಿದ್ದ ಮಾತು ನಮಗೆ ಹೆಚ್ಚು ನಾರಿತಲ್ಲ, ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಅದೇ 1973ರಲ್ಲಿ ಅಮೆರಿಕದ ಅರ್ಸುಲಾ ಲೆ ಗ್ವಿನ್ ಒಂದು ಸಣ್ಣ ಕಥೆ ಪ್ರಕಟಿಸಿದರು. ಓಮೆಲಾಸ್ ಎಂಬ ಸುಂದರ ಪಟ್ಟಣ. ಹಬ್ಬ, ತಮಟೆ, ಕುದುರೆ ಓಟ. ಆ ಸುಖವೆಲ್ಲ ನಿಂತಿರುವುದು ನೆಲಮಾಳಿಗೆಯಲ್ಲಿ ಕೂಡಿಹಾಕಿದ, ತನ್ನ ಮಲದಲ್ಲೇ ಕೂತ ಒಂದು ಮಗುವಿನ ಮೇಲೆ. ಊರವರಿಗೆಲ್ಲ ಗೊತ್ತು. ಕೆಲವರು ಅಳುತ್ತಾರೆ, ಆಮೇಲೆ ಒಗ್ಗಿಹೋಗುತ್ತಾರೆ. ಕೆಲವರು ಮಾತಿಲ್ಲದೆ ಊರು ಬಿಟ್ಟು ನಡೆದುಬಿಡುತ್ತಾರೆ. ಈ ಕಥೆ ಓದಿ ಮರುಗದವರಿಲ್ಲ, ನಾನೂ ವರ್ಷಗಟ್ಟಲೆ ಮರುಗಿದೆ. ಈಗ ನನಗೆ ಊರು ಬಿಟ್ಟವರ ಮೇಲೆ ಕೋಪ ಬರುತ್ತದೆ. ಹೋದಿರಿ, ಸರಿ, ಹೋಗುವ ಮುನ್ನ ಆ ಬಾಗಿಲ ಚಿಲಕ ತೆಗೆದಿರಾ? ಆ ಕಥೆಯಲ್ಲಿ ಚಿಲಕ ತೆಗೆದರೆ ಊರಿನ ಸುಖವೆಲ್ಲ ಹಾಳಾಗುತ್ತದೆ ಎಂಬ ಕರಾರಿದೆ. ನಮಗೆ ಅಂಥ ಕರಾರೂ ಇಲ್ಲ. ನಮ್ಮ ನೆಲಮಾಳಿಗೆಯವರು ಮೇಲೆ ಬಂದರೆ ಯಾವ ಹಬ್ಬವೂ ನಿಲ್ಲುವುದಿಲ್ಲ.

ನೇಯುವ ಲಾಳಿ ತಾನಾಗಿ ನೇಯುವಂತಿದ್ದರೆ ಒಡೆಯನಿಗೆ ಗುಲಾಮನೇ ಬೇಕಿರಲಿಲ್ಲ ಎಂದು ಅರಿಸ್ಟಾಟಲ್ ಬರೆದು ಎರಡು ಸಾವಿರದ ಮುನ್ನೂರು ವರ್ಷವಾಯಿತು. ಲಾಳಿ ತಾನಾಗಿ ನೇಯುತ್ತಿದೆ. ಮ್ಯಾನ್‌ಹೋಲಿಗೆ ಇಳಿದು ಬಾಚುವ ರೋಬೊವನ್ನು ಕೇರಳದ ಯುವ ಎಂಜಿನಿಯರುಗಳು 2018ರಲ್ಲೇ ಮಾಡಿ ತೋರಿಸಿದ್ದಾರೆ. ಹೀರುವ ಲಾರಿಗಳಿವೆ, ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರಗಳಿವೆ. ಕಾನೂನೂ ಇದೆ: 1993ರದೊಂದು, 2013ರದೊಂದು. ಎರಡನೆಯದರ ಪ್ರಕಾರ ಒಳಚರಂಡಿಗೋ ಶೌಚಗುಂಡಿಗೋ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸಿದವರಿಗೆ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇಳಿಸಿದವರು ಎಂದರೆ ಗುತ್ತಿಗೆದಾರ ಒಬ್ಬನೇ ಅಲ್ಲ. ನೀವು, ನಾನು, ನಮ್ಮ ಅಪಾರ್ಟ್‌ಮೆಂಟಿನ ಸಂಘ. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತು ಎಂಬುದರಲ್ಲೇ ಎಲ್ಲ ಇದೆ. ಸಾವು ನಿಂತಿದ್ದರೆ ಬೆಲೆ ಏರಿಸುವ ಪ್ರಶ್ನೆ ಎಲ್ಲಿತ್ತು?

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆಮಾರುಗಳಿಂದ ಬಾಳಿದ ಜಾಗದಿಂದ ತಮ್ಮನ್ನು ಎಬ್ಬಿಸುತ್ತಾರೆಂದು ಗೊತ್ತಾದಾಗ ಮಲ ಹೊರುವ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ನಿಂತರು. ಅರ್ಜಿಗೆ ಕಿವಿಯಿಲ್ಲದ ಊರಿಗೆ ಮೂಗಾದರೂ ಇದ್ದೀತು ಎಂದು. ಪಂಪ ಬನವಾಸಿಯನ್ನು ಹಂಬಲಿಸಿದ್ದನ್ನೂ ಕಲ್ಯಾಣದ ವೈಭವವನ್ನೂ ಮಕ್ಕಳಿಗೆ ಪಾಠ ಹೇಳುತ್ತೇವೆ. ಸವಣೂರಿನ ಆ ಬೆಳಗನ್ನು ಯಾವ ತರಗತಿಯಲ್ಲಿ ಹೇಳುತ್ತೇವೆ?

ಮೇಷ್ಟ್ರುಗಳೇ, ಹಿಂದಿನ ಬೆಂಚಿನವನು ಎದ್ದು ನಿಂತರೆ ಅವನನ್ನು ನಗುವಿನಲ್ಲಿ ಮುಳುಗಿಸಬೇಡಿ. ಬರೆಯುವವರೇ, ಬಸವಣ್ಣನ ಮೇಲೆ ಇನ್ನೊಂದು ನಾಟಕ ಬರೆಯುವ ಮುನ್ನ ಸತ್ಯಕ್ಕನ ಕಸಬರಿಕೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮಠಗಳಲ್ಲಿ ಕಾಯಕದ ಉಪದೇಶ ಮಾಡುವವರೇ, ನಿಮ್ಮ ದಾಸೋಹದ ಹಿತ್ತಲಲ್ಲಿ ಗುಂಡಿ ತೆಗೆಯುವವರು ಯಾವ ಜಾತಿಯವರು ಎಂದು ಒಮ್ಮೆ ಎಣಿಸಿ. ಬಡಾವಣೆಯ ಸಂಘದವರೇ, ಗಣೇಶನ ಪೆಂಡಾಲಿಗೆ ಎತ್ತುವ ಚಂದಾದಲ್ಲಿ ಒಂದು ಪಾಲು ಯಂತ್ರದ ಬಾಡಿಗೆಗೆ ತೆಗೆದಿಡಿ. ಬಹುದೊಡ್ಡ ಮಾತುಗಳನ್ನು ನಾನು ಕೇಳುತ್ತಿಲ್ಲ. ಹೊಸ ದ್ವೀಪ ಬೇಡ, ಹೊಸ ಮನುಷ್ಯನೂ ಬೇಡ. ಮುಚ್ಚಳ ತೆಗೆದ ಗುಂಡಿಯ ಬಾಯಲ್ಲಿ ಇಣುಕಿ, ಒಳಗೆ ಯಾರಾದರೂ ಇದ್ದಾರೆಯೇ ಎಂದು ನೋಡುವಷ್ಟು ಕಣ್ಣು ಸಾಕು.

ನಾನೂ ಬಹಳ ಕಾಲ ನೋಡಲಿಲ್ಲ. ನಮ್ಮ ಮನೆಯ ಗುಂಡಿ ಮೊದಲ ಸಲ ತುಂಬಿದಾಗ ಇಬ್ಬರು ಬಂದರು. ಒಬ್ಬ ಇಳಿದ. ನಾನು ಮೂಗಿಗೆ ಟವೆಲ್ಲು ಹಿಡಿದು ಒಳಗೆ ಹೋದೆ. ಹೋಗುವಾಗ ಸೋಪು, ಒಂದು ಬಕೆಟ್ಟು ನೀರು, ಮಾತಾಡಿದ್ದಕ್ಕಿಂತ ಐವತ್ತು ರೂಪಾಯಿ ಹೆಚ್ಚು ಕೊಟ್ಟೆ, ರಾತ್ರಿ ನಿದ್ದೆಯೂ ಬಂತು. ಹೆಸರು ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ಮತ್ತೆ ತುಂಬಿತು. ಕರೆಂಟು ಕಂಬಕ್ಕೆ ಅಂಟಿಸಿದ್ದ ಚೀಟಿ ನೋಡಿ ಫೋನ್ ಮಾಡಿದೆ.

“ಗಾಡಿ ತರ್ತೀರೋ, ಹುಡುಗರನ್ನ ಇಳಿಸ್ತೀರೋ?”

“ಮೇಲಿನ ನೀರು ಗಾಡಿ ಎಳ್ಕೊಳತ್ತೆ ಸಾರ್. ಅಡೀಲಿ ಗಟ್ಟಿಯಾಗಿದ್ರೆ ಹುಡುಗ್ರು ಇಳೀಲೇಬೇಕು.”

“ಯಾರೂ ಇಳಿಯೋದು ಬೇಡ.”

“ಹಂಗಾದ್ರೆ ನೀರು ಬಿಟ್ಟು ನೆನೆಸಿ, ಕಲಕಿ, ಇನ್ನೊಂದು ಸಲ ಗಾಡಿ ತರ್ಬೇಕು. ಡಬಲ್ ಆಗತ್ತೆ ನೋಡಿ.”

“ಆಗ್ಲಿ.”

ಆ ಕಡೆ ಒಂದು ಕ್ಷಣ ಸುಮ್ಮನಿದ್ದ. “ಇದುವರ್ಗೂ ಯಾರೂ ಹಿಂಗೆ ಕೇಳಿಲ್ಲ ಸಾರ್” ಅಂದ.

ಒಬ್ಬ ಕೇಳಿದ್ದ ಎಂದು ಬಾಯಿಗೆ ಬಂತು. ಹೇಳಲಿಲ್ಲ. ಮನೆಯ ನಂಬರು, ಅಡ್ಡರಸ್ತೆ ಹೇಳಿದೆ, ಅವನ ಹೆಸರು ಕೇಳಿ ಬರೆದುಕೊಂಡೆ.